ರೆಪ್ಪೆಯ ಹಳದಿ ಮಚ್ಚೆಯೂ ಮುಲಾಮಿನ ಪರೀಕ್ಷೆಯೂ

ಕೆಲವರ ರೆಪ್ಪೆಯ ಮೇಲೆ, ಮೂಗಿನ ಕಡೆಯ ಮೂಲೆಯಲ್ಲಿ, ನೋವಿಲ್ಲದ ಹಳದಿ ಮಚ್ಚೆ ಏಳುವುದುಂಟು. ವೈದ್ಯರು ಇದನ್ನು ಕ್ಸಾಂಥೆಲಾಸ್ಮ ಎನ್ನುತ್ತಾರೆ. ಚರ್ಮದೊಳಗೆ ಕೊಲೆಸ್ಟರಾಲ್ ಎಂಬ ಕೊಬ್ಬು ಶೇಖರವಾಗುವುದೇ ಇದಕ್ಕೆ ಕಾರಣ.

ಇದನ್ನು ಕರಗಿಸುವ ಮುಲಾಮುಗಳನ್ನು ಮಾರುವವರಿದ್ದಾರೆ. ಒಬ್ಬರಿಗೆ ವಾಸಿಯಾಯಿತೆಂದರೆ ಅದು ಪರೀಕ್ಷೆಯಲ್ಲ. ಚೀಟಿ ಎತ್ತಿ ರೋಗಿಗಳನ್ನು ಎರಡು ಗುಂಪು ಮಾಡಬೇಕು. ಒಂದಕ್ಕೆ ಮುಲಾಮು, ಇನ್ನೊಂದಕ್ಕೆ ಅದೇ ಬಣ್ಣದ, ಮದ್ದಿಲ್ಲದ ಮುಲಾಮು. ಯಾರಿಗೆ ಯಾವುದೆಂದು ಅರಿಯದವರು ಮಚ್ಚೆಯನ್ನು ಅಳೆಯಬೇಕು. ಕಣ್ಣಿನ ಬಳಿ ನಾವೇ ಹಚ್ಚಿ ನೋಡುವುದು ಅಪಾಯ.

ಕೋಪನ್‌ಹೇಗನ್ ನಗರದಲ್ಲಿ 12,745 ಮಂದಿಯನ್ನು 1976-78ರಿಂದ 2009ರವರೆಗೆ ಗಮನಿಸಿದರು. ಈ ಮಚ್ಚೆಯುಳ್ಳವರಲ್ಲಿ ಹೃದಯಾಘಾತ ಹೆಚ್ಚೆಂದು ಕಂಡಿತು. ಮಚ್ಚೆ ಅಳಿಸಿದ ಮಾತ್ರಕ್ಕೆ ರಕ್ತದ ಕೊಬ್ಬು ಇಳಿಯದು. ಆದುದರಿಂದ ಮನ್ಮಾಡಿನ ಬಾಂಧವರೇ, ಮುಲಾಮಿನ ಹಣವನ್ನು ಮೊದಲು ರಕ್ತಪರೀಕ್ಷೆಗೆ ವೆಚ್ಚ ಮಾಡೋಣ.