ನಿದಾನವೆಂಬ ಶಲ್ಯ

ವ್ರತಿಯಾದವನು ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳನ್ನು ಕಳೆದವನಾಗಿರಬೇಕೆಂಬುದು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದ ಆಶಯ. ಶಲ್ಯವೆಂದರೆ ಒಳಗೆ ಮುರಿದುಳಿದ ಮುಳ್ಳು; ನಿದಾನವೆಂದರೆ ಆಚರಣೆಗೆ ಪ್ರತಿಯಾಗಿ ಭೋಗಫಲವನ್ನು ಬಯಸುವುದು.

ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯ ಭೈರರಸನು ಪ್ರತಿಷ್ಠಾಪಿಸಿದ ಬಾಹುಬಲಿಸ್ವಾಮಿಯ ಬಿಂಬವು ಈ ಪಾಠವನ್ನು ನೆನಪಿಸುತ್ತದೆ. ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಗೆದ್ದ ಸ್ವಾಮಿಯು ಕೈಸೇರಿದ ರಾಜ್ಯವನ್ನು ತೊರೆದು ವರ್ಷಕಾಲ ಪ್ರತಿಮಾಯೋಗದಲ್ಲಿ ನಿಂತನು. ಆದರೂ ತನ್ನಿಂದ ಭರತನಿಗೆ ನೋವಾಯಿತೆಂಬ ಭಾವವೊಂದು ಉಳಿದಿತ್ತೆಂದೂ, ಭರತನು ಬಂದು ಪೂಜಿಸಿದಾಗ ಕೇವಲಜ್ಞಾನವು ಉದಯಿಸಿತೆಂದೂ ಆದಿಪುರಾಣವು ತಿಳಿಸುತ್ತದೆ. ರಾಜ್ಯವನ್ನು ಬಿಡುವುದಕ್ಕಿಂತಲೂ, ಬಿಟ್ಟುದರ ಪರಿಣಾಮದ ಚಿಂತೆಯನ್ನು ಬಿಡುವುದು ಕಠಿಣ.

ಗೃಹಸ್ಥರಾದ ನಮಗೂ ಇದೇ ಕಷ್ಟ. ವೃದ್ಧ ತಂದೆಗೆ ಶಸ್ತ್ರಚಿಕಿತ್ಸೆ ಮಾಡಿಸಬೇಕೇ ಬೇಡವೇ ಎಂಬ ಪ್ರಸಂಗ ಬಂದಿತೆನ್ನೋಣ. ವೈದ್ಯರನ್ನು ವಿಚಾರಿಸುವುದು, ತಂದೆಯವರ ಇಚ್ಛೆಯನ್ನರಿಯುವುದು, ನೋವು ಕಡಿಮೆಯಾಗುವ ಮಾರ್ಗವನ್ನು ಆರಿಸುವುದು ನಮ್ಮ ಕರ್ತವ್ಯ. ಇಲ್ಲಿ ಉದಾಸೀನ ಮಾಡಿದರೆ ಅದು ಪ್ರಮಾದ. ಮುಂದಿನದು ಕರ್ಮೋದಯಕ್ಕೆ ಸೇರಿದ್ದು. ಗುಣವಾಗಲೇಬೇಕೆಂದು ಷರತ್ತು ಹಾಕಿ ಉಪವಾಸ ಹಿಡಿದರೆ ಆ ಉಪವಾಸವು ವ್ಯಾಪಾರವಾಗುತ್ತದೆ.

ಶ್ರಾವಕ ಶ್ರಾವಿಕೆಯರು ಪರ್ವದಿನದ ಸಾಮಾಯಿಕದಲ್ಲಿ ಇಷ್ಟನ್ನು ಪರೀಕ್ಷಿಸಿಕೊಳ್ಳಲಿ: ಫಲವು ವಿರುದ್ಧವಾದರೂ ಈ ನಿರ್ಧಾರವನ್ನೇ ಮಾಡುತ್ತಿದ್ದೆನೇ? ಹೌದೆಂದು ಮನಸ್ಸು ನುಡಿದರೆ ಮುಳ್ಳು ಕಳಚಿತೆಂದು ತಿಳಿಯಬೇಕು.