ಜ್ವರ ಇಳಿದರೂ ಉಣ್ಣೆ ಉಳಿದರೆ

ಹಸು ಮೇವು ಬಿಟ್ಟಿದೆ, ಮೈ ಸುಡುತ್ತಿದೆ, ಹಾಲು ಇಳಿದಿದೆ. ಕಣ್ಣಿನ ಒಳಪೊರೆ ಬಿಳಿಚಿಕೊಂಡು ಹಳದಿಗೆ ತಿರುಗುತ್ತಿದೆ, ಮೂತ್ರ ಮಾತ್ರ ಕೆಂಪಾಗಿಲ್ಲ. ಇಂಥ ಹಸುವನ್ನು ಕಂಡರೆ ಪಶುವೈದ್ಯರು ಅನಾಪ್ಲಾಸ್ಮಾ ರೋಗವನ್ನು ಶಂಕಿಸುತ್ತಾರೆ. 1910ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಪಶುವೈದ್ಯ ಅರ್ನಾಲ್ಡ್ ಥೈಲರ್ ವಿವರಿಸಿದ ಈ ರೋಗದ ಬ್ಯಾಕ್ಟೀರಿಯಾ ಕೆಂಪು ರಕ್ತಕಣದೊಳಗೇ ಬೆಳೆಯುತ್ತದೆ. ಸಕಾಲದಲ್ಲಿ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಪ್ರತಿಜೀವಕ ಕೊಟ್ಟರೆ ಹಸು ಚೇತರಿಸಿಕೊಳ್ಳುತ್ತದೆ. ರೋಗ ಅಲ್ಲಿಗೆ ಮುಗಿಯಿತೆಂದು ನಂಬುವುದೇ ಅಪಾಯ. ಗುಣವಾದ ಹಸುವಿನ ರಕ್ತದಲ್ಲಿ ರೋಗಾಣು ಸಾಮಾನ್ಯವಾಗಿ ವರ್ಷಗಟ್ಟಲೆ ಉಳಿಯುತ್ತದೆ. ಆರೋಗ್ಯವಾಗಿ ಕಾಣುವ ಆ ಹಸುವಿನಿಂದ ಪಕ್ಕದ ಹಸುವಿಗೆ ಅದನ್ನು ಒಯ್ಯುವುದು ಉಣ್ಣೆ.

ನಮ್ಮ ದನಗಳ ಮೈಮೇಲೆ ಹೆಚ್ಚಾಗಿ ಕಾಣುವ ಉಣ್ಣೆ ಮರಿಯಾಗಿ ಹತ್ತಿದ ಮೇಲೆ ಸುಮಾರು ಮೂರು ವಾರ ಒಂದೇ ಹಸುವಿನ ಮೇಲೆ ಬೆಳೆಯುತ್ತದೆ. ಹಾಗಿದ್ದರೆ ರೋಗ ಇನ್ನೊಂದಕ್ಕೆ ದಾಟುವುದು ಹೇಗೆ ಎಂಬ ಪ್ರಶ್ನೆ ಸಹಜ. ರಕ್ತ ಕುಡಿದು ಊದಿದ ಹೆಣ್ಣು ನಮ್ಮ ಕಣ್ಣಿಗೆ ಬೀಳುತ್ತದೆ. ಅದರ ಪಕ್ಕದ ಸಣ್ಣ ಗಂಡನ್ನು ಯಾರೂ ಗಮನಿಸುವುದಿಲ್ಲ. ಗಂಡು ಹೆಚ್ಚು ದಿನ ಬದುಕಿ, ಹೆಣ್ಣನ್ನು ಹುಡುಕುತ್ತ ಒತ್ತಾಗಿ ಕಟ್ಟಿದ ದನಗಳ ನಡುವೆ ಹರಿದಾಡುತ್ತದೆ, ಹೋದಲ್ಲೆಲ್ಲ ಕಚ್ಚುತ್ತದೆ. ಅಜ್ಜನ ಕಾಲದಲ್ಲೂ ಉಣ್ಣೆ ಇತ್ತು, ದನ ಸಾಯಲಿಲ್ಲವಲ್ಲ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಸತ್ಯವಿದೆ. ಕರುವಾಗಿದ್ದಾಗ ಸೋಂಕು ತಗುಲಿದರೆ ರೋಗ ಸೌಮ್ಯವಾಗಿ ಹಾದುಹೋಗಿ ರಕ್ಷಣೆ ಉಳಿಯುತ್ತದೆ. ನಾಟಿ ತಳಿಗಳಿಗೆ ಉಣ್ಣೆಯನ್ನು ತಡೆಯುವ ಗುಣವೂ ಹೆಚ್ಚು. ಉಣ್ಣೆ ಕಾಣದೆ ಬೆಳೆದ ಮಿಶ್ರತಳಿ ಹಸುವನ್ನು ದುಬಾರಿ ಬೆಲೆಗೆ ತಂದು ಉಣ್ಣೆಯಿರುವ ಕೊಟ್ಟಿಗೆಯಲ್ಲಿ ಕಟ್ಟಿದರೆ ಈ ಎರಡು ಆಸರೆಯೂ ಅದಕ್ಕಿಲ್ಲ.

ಔಷಧಿ ಹೊಡೆದರೂ ಉಣ್ಣೆ ಮತ್ತೆ ಬರುತ್ತದೆ ಎಂಬ ದೂರೂ ಸುಳ್ಳಲ್ಲ. ಒಂದು ಹೆಣ್ಣು ನೆಲಕ್ಕುದುರಿ ಎರಡು ಸಾವಿರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ನಾವು ಹಸುವಿಗೆ ಮಾತ್ರ ಸಿಂಪಡಿಸಿ ಗೋಡೆಯ ಬಿರುಕು, ಗೋದಲಿಯ ಸಂದು, ಕೊಟ್ಟಿಗೆಯ ಸುತ್ತಲಿನ ಹುಲ್ಲನ್ನು ಬಿಟ್ಟರೆ ಹೊಸ ಮರಿಗಳು ಹತ್ತದೆ ಇನ್ನೇನು? ಒಂದೇ ಔಷಧಿಯನ್ನು ಅಳತೆ ಕಡಿಮೆ ಮಾಡಿ ಪದೇ ಪದೇ ಬಳಸಿದ್ದರಿಂದ ಡೆಲ್ಟಾಮೆಥ್ರಿನ್‌ಗೆ ಬಗ್ಗದ ಉಣ್ಣೆಗಳೂ ನಮ್ಮ ದೇಶದಲ್ಲಿ ಹುಟ್ಟಿಕೊಂಡಿವೆ. ಆದ್ದರಿಂದ ಔಷಧಿಯ ಆಯ್ಕೆ, ಅಳತೆ, ಮತ್ತೆ ಹೊಡೆಯುವ ದಿನ, ಹಾಲು ಬಳಸದೆ ಬಿಡಬೇಕಾದ ಅವಧಿ ಎಲ್ಲವನ್ನೂ ವೈದ್ಯರಿಂದಲೇ ಕೇಳಿ ತಿಳಿಯಿರಿ. ಔಷಧಿ ಹಾಕುವಾಗ ಕಿವಿಯ ಒಳಗು, ಬಾಲದ ಬುಡ, ಕೆಚ್ಚಲಿನ ಸಂದು ತಪ್ಪಬಾರದು. ರಕ್ತ ಮೆತ್ತಿದ ಸೂಜಿಯೂ ಇದೇ ರೋಗವನ್ನು ಹರಡುತ್ತದೆ. ಹಸುವಿಗೊಂದು ಹೊಸ ಸೂಜಿ ಹಾಕಿಸಿ. ಹೊಸ ಹಸು ತಂದರೆ ಬೇರೆ ಕಟ್ಟಿ, ಉಣ್ಣೆ ತೆಗೆಸಿ, ರಕ್ತ ಪರೀಕ್ಷೆ ಮಾಡಿಸಿದ ಮೇಲೆಯೇ ಉಳಿದವುಗಳ ಜೊತೆ ಸೇರಿಸಿ.