ಹೆಸರಿಗೆ ಮ್ಯಾಕ್ರೋ ಬೇಡ, ಅರ್ಥಕ್ಕಿರಲಿ

ಪಹಣಿ ತೆಗೆಯುವಂಥ ತಂತ್ರಾಂಶಕ್ಕೆ ಲೇಟೆಕ್‌ನಲ್ಲಿ ಕನ್ನಡ ಕೈಪಿಡಿ ಬರೆಯುವವರು ಊರಿನ ಹೆಸರಿಗೊಂದು, ಮೆನುವಿಗೊಂದು ಮ್ಯಾಕ್ರೋ ಕಟ್ಟಿಕೊಳ್ಳಲು ಹೊರಡುತ್ತಾರೆ. ಮೊದಲನೆಯದನ್ನು ದಯವಿಟ್ಟು ಬಿಡಿ. ಹಾವೇರಿ ಜಿಲ್ಲೆಯ ನಾಲ್ಕು ತಾಲೂಕುಗಳನ್ನೇ ನೋಡಿ: ಸವಣೂರಿನಲ್ಲಿ, ಹಿರೇಕೆರೂರಿನಲ್ಲಿ, ಶಿಗ್ಗಾವಿಯಲ್ಲಿ, ಹಾನಗಲ್ಲಿನಲ್ಲಿ. ‘ಸವಣೂರು’ ಎಂದಷ್ಟೇ ಅಚ್ಚಿಸುವ ಮ್ಯಾಕ್ರೋಗೆ ಪ್ರತ್ಯಯ ಅಂಟಿಸಿದರೆ ‘ಸವಣೂರುನಲ್ಲಿ’ ಎಂದಾಗುತ್ತದೆ; ಓದುವವರಿಗೆ ಕಸಿವಿಸಿ. ವಿಭಕ್ತಿಗೊಂದು ಮ್ಯಾಕ್ರೋ ಮಾಡಬಹುದಲ್ಲ ಎನ್ನುವಿರಾ? ಏಳು ವಿಭಕ್ತಿ, ನಾಲ್ಕು ಊರು: 28 ಮ್ಯಾಕ್ರೋ. ಅಷ್ಟನ್ನು ನೆನಪಿಡುವುದಕ್ಕಿಂತ ಹೆಸರನ್ನೇ ಟೈಪಿಸುವುದು ಹಗುರ.

ಬದಲಿಗೆ ಪದವನ್ನು ಒಳಗಿಟ್ಟುಕೊಳ್ಳುವ ಮ್ಯಾಕ್ರೋ ಮಾಡಿ. ‘ಬಟನ್’ ಎಂಬ ಮ್ಯಾಕ್ರೋದ ಪುಷ್ಪಾವರಣದೊಳಗೆ ‘ಉಳಿಸಿ’ ಎಂದು ಬರೆಯಿರಿ. ಇವತ್ತು ಅದು ದಪ್ಪಕ್ಷರ, ನಾಳೆ ಚೌಕಟ್ಟು ಬೇಕೆಂದರೆ ತಿದ್ದುವುದು ಒಂದೇ ಸಾಲು. ಹುಡುಕಿ ಬದಲಿಸುವ ಸೌಲಭ್ಯ ಇದೆಯಲ್ಲ ಎಂಬ ವಾದ ಇಲ್ಲಿ ನಿಲ್ಲದು. ದಪ್ಪಕ್ಷರದಲ್ಲಿರುವುದು ಬಟನ್ನೋ ಎಚ್ಚರಿಕೆಯೋ ಅದಕ್ಕೆ ತಿಳಿಯದು. ಮ್ಯಾಕ್ರೋ ಹೆಚ್ಚಾದರೆ ಮುಂದೆ ಬರುವ ಬರಹಗಾರರು ತಬ್ಬಿಬ್ಬಾಗುತ್ತಾರೆಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು. ಬಟನ್, ಮೆನು, ಕಡತದ ಹೆಸರು, ಎಚ್ಚರಿಕೆ ಇಷ್ಟು ಸಾಕು. ಎಲ್ಲವೂ ಒಂದೇ ಕಡತದಲ್ಲಿರಲಿ, ಪ್ರತಿಯೊಂದರ ಪಕ್ಕದಲ್ಲಿ ಶೇಕಡಾ ಚಿಹ್ನೆ ಹಾಕಿ ಕನ್ನಡದಲ್ಲೇ ಒಂದು ಸಾಲಿನ ವಿವರಣೆ ಬರೆದಿಡಿ.